ಮೂಳೆಯೊಳಗೆ ದಾರಿ ಹುಡುಕುವ ಸಲಾಕೆ

ನೋಡಲು ಅದೊಂದು ಸಾಧಾರಣ ಸಲಾಕೆ. ಒಂದು ಕಡೆ ಅಂಗೈ ತುಂಬುವ ಗುಂಡನೆಯ ಹಿಡಿ, ಇನ್ನೊಂದು ಕಡೆ ತುಸು ಬಾಗಿದ ಮೊಂಡು ತುದಿ. ಒಳಗೆ ಎಷ್ಟು ಇಳಿಯಿತೆಂದು ತಿಳಿಯಲು ಮೈಮೇಲೆ ಗೆರೆ ಹಾಕಿದ್ದಾರೆ. ಬೆನ್ನುಮೂಳೆಯ ಶಸ್ತ್ರಚಿಕಿತ್ಸಕರು ಇದನ್ನು ಪೆಡಿಕಲ್ ಪ್ರೋಬ್ ಎನ್ನುತ್ತಾರೆ. ಕಾರಿನ ಗೇರ್ ಕೋಲಿನಂತೆ ಕಾಣುವುದರಿಂದ ಗೇರ್‌ಶಿಫ್ಟ್ ಎಂಬ ಹೆಸರೂ ಉಂಟು. ಮುರಿದ, ಜಾರಿದ, ಗೂನಾಗಿ ತಿರುಚಿಕೊಂಡ ಬೆನ್ನನ್ನು ಸ್ಕ್ರೂ ಮತ್ತು ರಾಡುಗಳಿಂದ ಹಿಡಿದು ನಿಲ್ಲಿಸುವಾಗ, ಸ್ಕ್ರೂಗಿಂತ ಮೊದಲು ಒಳಗೆ ಹೋಗಿ ದಾರಿ ಮಾಡಿಕೊಡುವುದು ಈ ಸಲಾಕೆ.

ಆ ದಾರಿ ಎಷ್ಟು ಕಿರಿದು ಎಂದು ತಿಳಿದರೆ ಸಲಾಕೆಯ ಮೇಲೆ ಗೌರವ ಹುಟ್ಟುತ್ತದೆ. ಬೆನ್ನಿನ ಪ್ರತಿ ಮಣಿಗೂ ಮುಂದುಗಡೆ ದಪ್ಪನೆಯ ದಿಮ್ಮಿ, ಹಿಂದುಗಡೆ ಕಮಾನು. ಎರಡನ್ನೂ ಎಡಕ್ಕೊಂದು ಬಲಕ್ಕೊಂದು ಗಿಡ್ಡ ಸೇತುವೆ ಜೋಡಿಸುತ್ತದೆ. ಅದೇ ಪೆಡಿಕಲ್. ಸೊಂಟದ ಕೊನೆಯ ಮಣಿಯಲ್ಲಿ ಈ ಸೇತುವೆ ಹೆಬ್ಬೆರಳಿನಷ್ಟು ಅಗಲ. ಎದೆಯ ನಡುಭಾಗಕ್ಕೆ ಬಂದರೆ 4-5 ಮಿಲಿಮೀಟರ್ ಸಿಕ್ಕರೆ ಹೆಚ್ಚು. ಅಲ್ಲಿಗೆ ಹಾಕುವ ಸ್ಕ್ರೂವಿನ ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ಒಳಗೋಡೆಯ ಆಚೆ ಬೆನ್ನುಹುರಿ, ಕೆಳಗೋಡೆಗೆ ತಾಗಿದಂತೆ ನರ, ಮುಂದೆ ಮಹಾಪಧಮನಿ. ಮೂಳೆಯ ಹೊರಮೈಯಷ್ಟೇ ಕಣ್ಣಿಗೆ ಬೀಳುತ್ತದೆ, ಒಳಗಿನದೆಲ್ಲ ಕತ್ತಲು.

ಮೊದಲಿಗೆ ಈ ಸೇತುವೆಯ ತಂಟೆಗೇ ಹೋಗದೆ ಕೆಲಸ ಮಾಡುತ್ತಿದ್ದರು. ಅಮೆರಿಕದ ಹ್ಯೂಸ್ಟನ್‌ನಲ್ಲಿ ಪಾಲ್ ಹ್ಯಾರಿಂಗ್ಟನ್ ಪೋಲಿಯೊದಿಂದ ಬೆನ್ನು ಬಾಗಿದ ಮಕ್ಕಳಿಗಾಗಿ ಕಮಾನಿಗೆ ಕೊಕ್ಕೆ ಸಿಕ್ಕಿಸಿ ಸ್ಟೀಲ್ ರಾಡಿನಿಂದ ಎಳೆದು ನಿಲ್ಲಿಸುವ ವಿಧಾನ ರೂಪಿಸಿ, 1962ರಲ್ಲಿ ಪ್ರಕಟಿಸಿದರು. ಅದರ ಮರುವರ್ಷವೇ ಪ್ಯಾರಿಸ್ಸಿನಲ್ಲಿ ರೇಮಂಡ್ ರಾಯ್-ಕಮೀ ಪೆಡಿಕಲ್ ಮೂಲಕ ಸ್ಕ್ರೂ ಇಳಿಸಿ ಅವುಗಳನ್ನು ಲೋಹದ ಪಟ್ಟಿಗೆ ಬಿಗಿದರು. ಕೊಕ್ಕೆ ಹಿಂಬದಿಯನ್ನು ಮಾತ್ರ ಹಿಡಿದರೆ, ಸ್ಕ್ರೂ ಇಡೀ ಮಣಿಯನ್ನು ಹಿಡಿಯಿತು. ಆದರೆ ಆ ಪಟ್ಟಿಯ ತೂತುಗಳು ಮೊದಲೇ ಗೊತ್ತಾದ ಜಾಗದಲ್ಲಿದ್ದವು. ದೇವರು ಕೊಟ್ಟ ಮೂಳೆ ಒಂದು ಕಡೆ, ಕಾರ್ಖಾನೆ ಕೊರೆದ ತೂತು ಇನ್ನೊಂದು ಕಡೆ. ತಲೆ ಎತ್ತ ಬೇಕಾದರೂ ಹೊರಳುವ ಸ್ಕ್ರೂ ಬಂದ ಮೇಲೆ ಈ ಜಗ್ಗಾಟ ತಪ್ಪಿತು. ಸ್ಕ್ರೂ ಮೂಳೆಯ ದಿಕ್ಕಿಗೇ ಇಳಿಯುತ್ತದೆ, ರಾಡಿಗೆ ಹೊಂದಿಕೊಳ್ಳುವುದು ಅದರ ತಲೆ. ಈ ವಿನ್ಯಾಸದಲ್ಲಿ ನನಗೆ ಇಷ್ಟವಾದದ್ದು ಇದೇ: ದೇಹ ಯಂತ್ರಕ್ಕೆ ಹೊಂದಿಕೊಳ್ಳಲಿ ಎಂದು ಕಾಯಲಿಲ್ಲ.

ಮತ್ತೆ ಸಲಾಕೆಗೆ ಬರೋಣ. ಪೆಡಿಕಲ್‌ನ ಗೋಡೆ ಗಟ್ಟಿ, ಒಳಗೆ ಜಾತ್ರೆಯ ಬತ್ತಾಸಿನಂಥ ಸರಂಧ್ರ ಮೂಳೆ. ಸಲಾಕೆಯ ತುದಿ ಮೊಂಡಾಗಿರುವುದು ಈ ಕಾರಣಕ್ಕೆ. ಮೊನಚಾಗಿದ್ದರೆ ಸುಳಿವು ಕೊಡದೆ ಗೋಡೆಯನ್ನೇ ಸೀಳಿಬಿಡುತ್ತದೆ. ಮೊಂಡು ತುದಿ ಗೋಡೆಗೆ ತಗುಲಿದರೆ ಸರಿದು ಮೆದು ಇರುವ ಕಡೆಗೆ ಹೋಗುತ್ತದೆ. ಹಾಗೆಂದು ತೀರಾ ಮೊಂಡು ಮಾಡಿದರೆ ಕೈ ಹೆಚ್ಚು ಒತ್ತಬೇಕಾಗುತ್ತದೆ, ಹೆಚ್ಚು ಒತ್ತಿದ ಕೈ ಒಮ್ಮೆಲೇ ಒಳಕ್ಕೆ ನುಗ್ಗುತ್ತದೆ. ತರಬೇತಿಗೆಂದು ಮಾಡಿದ ಪ್ಲಾಸ್ಟಿಕ್ ಮೂಳೆಯ ಮೇಲೆ ಒಮ್ಮೆ ಇದನ್ನು ಹಿಡಿದು ನೋಡಿದ್ದೇನೆ. ಕರಕರ ಎನ್ನುತ್ತ ಇಳಿಯುತ್ತಿದ್ದ ಸಲಾಕೆ ತಟ್ಟನೆ ಹಗುರವಾಯಿತು. ತಿರುಗಿಸಿ ನೋಡಿದರೆ ತುದಿ ಹೊರಗೋಡೆಯಾಚೆ ಇಣುಕುತ್ತಿತ್ತು. ಆ ಹಗುರವಾದ ಗಳಿಗೆ ನನ್ನ ಅಂಗೈಯಲ್ಲಿ ಇಂದಿಗೂ ಉಳಿದಿದೆ.

ತುದಿಯ ಬಾಗಿಗೂ ಲೆಕ್ಕವಿದೆ. ಮೊದಲ 15-20 ಮಿಲಿಮೀಟರ್ ಬಾಗು ಹೊರಮುಖವಾಗಿರುತ್ತದೆ, ಬೆನ್ನುಹುರಿಯಿಂದ ದೂರ ಉಳಿಯಲಿ ಎಂದು. ಸೇತುವೆ ದಾಟಿದ ಮೇಲೆ ಸಲಾಕೆಯನ್ನು ಹೊರತೆಗೆದು, ಅರ್ಧ ಸುತ್ತು ತಿರುಗಿಸಿ, ಬಾಗು ಒಳಮುಖವಾಗಿ ಮತ್ತೆ ಇಳಿಸುತ್ತಾರೆ. ಆಗ ತುದಿ ಮೂಳೆಯೊಳಗಿದ್ದು ಕಣ್ಣಿಗೆ ಕಾಣದು. ಹಾಗಾಗಿ ಬಾಗು ಎತ್ತ ಇದೆ ಎಂದು ಹಿಡಿಯೇ ಹೇಳಬೇಕು. ರಕ್ತ ತಗುಲಿದ ಎರಡು ಪದರ ಗ್ಲೌಸಿನಲ್ಲೂ ಹಿಡಿ ಜಾರಬಾರದು, 134 ಡಿಗ್ರಿ ಹಬೆಯಲ್ಲಿ ನೂರಾರು ಸಲ ಬೆಂದರೂ ಗೆರೆ ಅಳಿಸಬಾರದು, ಸಂದಿಯಲ್ಲಿ ಕೊಳೆ ನಿಲ್ಲಬಾರದು. ವಿನ್ಯಾಸಕಾರರ ತಲೆನೋವು ಇಂಥವೇ.

ಅನುಭವಿ ಕೈಗೂ ಒಮ್ಮೊಮ್ಮೆ ಮೂಳೆಯ ಮಾತು ಕೇಳಿಸುವುದಿಲ್ಲ. ವಯಸ್ಸಾದವರ ಟೊಳ್ಳು ಮೂಳೆಯಲ್ಲಿ ಗೋಡೆಗೂ ಒಳಗಿನ ಮೂಳೆಗೂ ಹೆಚ್ಚು ವ್ಯತ್ಯಾಸ ತಿಳಿಯದು. ಐರ್ಲೆಂಡಿನ ನರಶಸ್ತ್ರಚಿಕಿತ್ಸಕ ಕಿಯರನ್ ಬೋಲ್ಗರ್ ಮತ್ತು ಫ್ರಾನ್ಸಿನ ಸಂಗಾತಿಗಳು ರೂಪಿಸಿದ ಪೀಡಿಗಾರ್ಡ್ ಸಲಾಕೆ ಇಲ್ಲಿ ನೆರವಾಗುತ್ತದೆ. ಗಟ್ಟಿ ಮೂಳೆ ವಿದ್ಯುತ್ತನ್ನು ಕಡಿಮೆ ಹರಿಯಗೊಡುತ್ತದೆ, ಸರಂಧ್ರ ಮೂಳೆ ತುಸು ಹೆಚ್ಚು, ರಕ್ತ ಮತ್ತು ಮೆದು ಅಂಗಾಂಶ ಇನ್ನೂ ಹೆಚ್ಚು. ಸಲಾಕೆಯ ತುದಿ ಇದನ್ನು ಅಳೆದು ಬೀಪ್ ಸದ್ದಾಗಿ ಹೇಳುತ್ತದೆ. ಗೋಡೆ ಒಡೆಯುವ ಹೊತ್ತಿಗೆ ಸದ್ದು ಏರುತ್ತದೆ, ದಡದಡ ಬಡಿಯುತ್ತದೆ. ಆಪರೇಷನ್ ಕೋಣೆಯಲ್ಲಿರುವ ಎಲ್ಲರೂ ಅದನ್ನು ಕೇಳುತ್ತಾರೆ.

ಕ್ಯಾಮೆರಾದಿಂದ ನೋಡಿ ದಾರಿ ತೋರಿಸುವ ನ್ಯಾವಿಗೇಶನ್ ವ್ಯವಸ್ಥೆ, ಇಸ್ರೇಲಿನ ಟೆಕ್ನಿಯನ್ ಪ್ರಾಧ್ಯಾಪಕ ಮೋಶೆ ಶೋಹಮ್ ಕಟ್ಟಿದ, ತಂಪು ಪಾನೀಯದ ಡಬ್ಬಿಯಷ್ಟೇ ಗಾತ್ರದ ರೋಬೊ, ಇವೆಲ್ಲ ಬಂದವು. ಆ ರೋಬೊ ತಾನೇ ಕೊರೆಯುವುದಿಲ್ಲ. ಕೋನ ಹಿಡಿದು ನಿಲ್ಲುತ್ತದೆ, ಕೊರೆಯುವವರು ವೈದ್ಯರೇ. ಆದರೂ ಮೂಳೆಯ ಇಳಿಜಾರಿಗೆ ತಗುಲಿದ ಡ್ರಿಲ್ ಮೊನೆ ಪಕ್ಕಕ್ಕೆ ಜಾರಬಹುದು. ಕ್ಯಾಮೆರಾಗೆ ಗುರುತಾಗಲೆಂದು ಮೂಳೆಗೆ ಕಚ್ಚಿಸಿದ ಗುರುತುಕಂಬಕ್ಕೆ ಯಾರದಾದರೂ ಮೊಣಕೈ ತಾಗಿದರೆ ಪರದೆಯ ಮೇಲಿನ ಚಿತ್ರವೇ ಸುಳ್ಳಾಗುತ್ತದೆ. ತೆಳ್ಳನೆಯ ಉಪಕರಣ ತುಸು ಬಳುಕಿದರೂ ಹಾಗೆಯೇ: ಪರದೆ ತೋರಿಸುವ ಕಡೆ ಅದರ ತುದಿ ಇರುವುದಿಲ್ಲ. ಸ್ಕ್ರೂ ಎಷ್ಟು ಸರಿಯಾಗಿ ಕೂತಿದೆ ಎಂದು ಅಳೆಯಲು ಗರ್ಟ್ಸ್‌ಬೈನ್ ಮತ್ತು ರಾಬಿನ್ಸ್ 1990ರಲ್ಲಿ ಕೊಟ್ಟ ಪಟ್ಟಿಯನ್ನು ಇಂದಿಗೂ ಬಳಸುತ್ತಾರೆ. ಅದರಲ್ಲಿ ಒಂದೊಂದು ದರ್ಜೆಗೂ ನಡುವೆ ಇರುವುದು 2 ಮಿಲಿಮೀಟರ್. ಅಷ್ಟು ತಪ್ಪಲು ಉಪಕರಣ ತುಸು ಬಳುಕಿದರೂ ಸಾಕು.

ಆದ್ದರಿಂದ ಗೇರ್‌ಶಿಫ್ಟ್ ಹೊರಬಂದ ಮೇಲೆ ಇನ್ನೊಂದು ಉಪಕರಣ ಕೈಗೆ ಬರುತ್ತದೆ, ಫೀಲರ್. ಹುಲ್ಲುಕಡ್ಡಿಯಂತೆ ತೆಳ್ಳಗೆ, ಬಳುಕುವಂತೆ, ತುದಿಯಲ್ಲಿ ಸಣ್ಣ ಗುಂಡು. ವೈದ್ಯರು ಅದನ್ನು ಎರಡೇ ಬೆರಳಲ್ಲಿ ಹಗುರವಾಗಿ ಹಿಡಿದು ತೂತಿನೊಳಗೆ ಇಳಿಸುತ್ತಾರೆ. ಮೇಲ್ಗೋಡೆ, ಕೆಳಗೋಡೆ, ಒಳಗೋಡೆ, ಹೊರಗೋಡೆ ಒಂದೊಂದನ್ನೂ ಮುಟ್ಟಿ, ಕೊನೆಗೆ ತಳ ತಗುಲಿತೇ ಎಂದು ನೋಡುತ್ತಾರೆ. ಐದೂ ಕಡೆ ಮೂಳೆ ಸಿಕ್ಕ ಮೇಲೆಯೇ ಸ್ಕ್ರೂ ಕೇಳುತ್ತಾರೆ.