ನೀರಿಲ್ಲದ ಮನೆಯಂಗಳಕ್ಕೆ ಕರಿಜಾಲಿ

ನಮ್ಮದು ಮಳೆಯನ್ನೇ ನಂಬಿದ ಎರೆಹೊಲ. ಜೋಳ, ಕಡಲೆ, ತೊಗರಿ ಅಷ್ಟೇ ಬೆಳೆ. ಹೊಲದ ಮನೆಯ ಮುಂದೆ ನೆರಳಿಗೆ ಏನು ಹಚ್ಚಬೇಕು ಅಂತ ಕೇಳಿದವರಿಗೆ ನಾನು ಕರಿಜಾಲಿ ಹಚ್ಚಿ ಅಂತೀನಿ. ಕೆಲವು ಕಡೆ ಇದಕ್ಕೆ ಗೊಬ್ಬಳಿ ಅಂತಾರೆ. ಪೇಟೆಯಿಂದ ತಂದ ಹೂಗಿಡಕ್ಕೆ ಬೇಸಿಗೆಯಲ್ಲಿ ದಿನಾ ನೀರು ಬೇಕು. ದನಕ್ಕೇ ನೀರು ಹೊತ್ತು ತರುವವರಿಗೆ ಅದು ಆಗದ ಮಾತು.

ಜಾಲಿ ಅಂದ ಕೂಡಲೇ ಬಳ್ಳಾರಿ ಜಾಲಿ ಅಂತ ಹೆದರಬೇಡಿ. ಅದು ಅಮೆರಿಕ ಖಂಡದಿಂದ ಬಂದದ್ದು, ಹೊಲಕ್ಕೆ ನುಗ್ಗಿದರೆ ಬಿಡುವುದಿಲ್ಲ. ಅದರ ಹೂ ಉದ್ದನೆಯ ತೆನೆಯಂತೆ ಇರುತ್ತದೆ. ಕರಿಜಾಲಿಯದು ಹಳದಿ ಗುಂಡು ಹೂ, ಕಾಯಿ ಮಣಿ ಪೋಣಿಸಿದ ಸರದಂತೆ. ಮಳೆಗಾಲದಲ್ಲಿ ಮರ ಹಳದಿಯಾದರೆ ಅಂಗಳಕ್ಕೇ ಒಂದು ಕಳೆ ಬರುತ್ತದೆ.

ಹಚ್ಚುವ ಬಗೆ

ಬೀಜದ ಸಿಪ್ಪೆ ಬಲು ಗಟ್ಟಿ. ಕುದಿಯುವ ನೀರು ಇಳಿಸಿ, ಅದರಲ್ಲಿ ಬೀಜ ಹಾಕಿ, ರಾತ್ರಿಯಿಡೀ ಆರಲು ಬಿಡಬೇಕು. ಆಡು ಮೆಲುಕು ಹಾಕುವಾಗ ಉಗುಳಿದ ಬೀಜ ದೊಡ್ಡಿಯಲ್ಲಿ ಸಿಗುತ್ತದೆ, ಅದೂ ಚೆನ್ನಾಗಿ ಹುಟ್ಟುತ್ತದೆ. ಮುಂಗಾರಿನ ಹದ ನೋಡಿ ಜಾಗದಲ್ಲೇ ಮೂರ್ನಾಲ್ಕು ಬೀಜ ಊರಿ, ಆಮೇಲೆ ಗಟ್ಟಿ ಸಸಿ ಒಂದನ್ನೇ ಉಳಿಸಿಕೊಳ್ಳಿ. ಹೀಗೆ ಮಾಡಿದರೆ ತಾಯಿಬೇರು ನೆಟ್ಟಗೆ ಆಳಕ್ಕೆ ಇಳಿಯುತ್ತದೆ. ಮರದಿಂದ ಮರಕ್ಕೆ ಹದಿನೈದು ಅಡಿ ಇರಲಿ.

ನಾನು ಮೊದಲ ಬೇಸಿಗೆ ಮಾತ್ರ ವಾರಕ್ಕೊಂದು ಕೊಡ ನೀರು ಹಾಕಿ, ಬುಡಕ್ಕೆ ತೊಗರಿಕಟ್ಟಿಗೆ ಮುಚ್ಚಿದೆ. ಎರಡನೇ ವರ್ಷದಿಂದ ಒಂದು ಹನಿಯನ್ನೂ ಹಾಕಿಲ್ಲ. ಆಡು ಬಾಯಿ ಹಾಕದಂತೆ ಮೂರು ವರ್ಷ ಮುಳ್ಳುಬೇಲಿ ಬೇಕೇಬೇಕು. ಕೆಳಗಿನ ಟೊಂಗೆ ಸವರುತ್ತಾ ಹೋದರೆ ದನ ಕಟ್ಟುವಷ್ಟು ನೆರಳಾಗುತ್ತದೆ.

ಲಾಭ, ತೊಂದರೆ

ಕಾಯಿ ಬೇಸಿಗೆಯಲ್ಲಿ ಉದುರುತ್ತದೆ, ಮೇವಿಲ್ಲದ ಹೊತ್ತಿಗೇ. 2023ರಲ್ಲಿ ಮಳೆ ಕೈಕೊಟ್ಟು ಮುಂದಿನ ಬೇಸಿಗೆ ಬಣವೆ ಕರಗಿದಾಗ, ಪೇಟೆಗೆ ಹೊಡೆಯಬೇಕಿದ್ದ ನಮ್ಮ ಹನ್ನೆರಡು ಆಡುಗಳನ್ನು ಎಂಟು ಮರದ ಕಾಯಿ ಉಳಿಸಿತು. ಕಾಯಿ ಒಗರು, ಅದನ್ನೇ ಹೊಟ್ಟೆ ತುಂಬ ಕೊಡಬಾರದು. ಕಣಿಕೆಯ ಜೊತೆ ಕೊಡಿ. ಕಟ್ಟಿಗೆ ನೇಗಿಲಿಗೆ, ಬಂಡಿಗೆ ಬರುತ್ತದೆ. ಸವರಿದ ಮುಳ್ಳು ಬೇಲಿಗೆ.

ತೊಂದರೆಯೂ ಉಂಟು. ಓಡಾಡುವ ದಾರಿಗೆ ಹಚ್ಚಬೇಡಿ, ಕಾಲಿಗೂ ಸೈಕಲ್ ಟ್ಯೂಬಿಗೂ ಮುಳ್ಳು ತಪ್ಪಿದ್ದಲ್ಲ. ಬೇರಿನಲ್ಲಿ ಸಾರಜನಕದ ಗಂಟು ಇದ್ದರೂ, ಪಕ್ಕದ ಬೇರು ಹೊಲದ ಹಸಿ ಎಳೆಯುತ್ತದೆ. ಹತ್ತಿರದ ಸಾಲಿನ ಜೋಳ ಗಿಡ್ಡಾಗುತ್ತದೆ. ಅದಕ್ಕೆ ಹೊಲದ ನಡುವೆ ಬೇಡ, ಅಂಗಳಕ್ಕೆ, ಕಣದ ಅಂಚಿಗೆ, ದೊಡ್ಡ ಒಡ್ಡಿಗೆ ಮಾತ್ರ. ಒಡ್ಡಿನ ಮರಕ್ಕೂ ಬೆಳೆಗೂ ನಡುವೆ ಎರಡಡಿ ಆಳದ ಕಾಲುವೆ ತೆಗೆದು, ಎರಡು ವರ್ಷಕ್ಕೊಮ್ಮೆ ಬೇರು ಕಡಿಯಿರಿ.

ಖರ್ಚು ಅಂದರೆ ನಿಮ್ಮ ಮೈಗೆಲಸ ಅಷ್ಟೇ. ಬರುವ ಮುಂಗಾರಿಗೆ ನಾಲ್ಕೇ ಜಾಗದಲ್ಲಿ ಬೀಜ ಊರಿ ನೋಡಿ.