ಕೇಪಳದ ಗುಡ್ಡೆ

ಕ್ಯಾಂಪಸ್ಸಿನ ರಸ್ತೆ ಬದಿಯಲ್ಲಿ ಒಂದೇ ಎತ್ತರಕ್ಕೆ ಕತ್ತರಿಸಿ ನಿಲ್ಲಿಸಿದ ಕೆಂಪು ಹೂವಿನ ಗಿಡಗಳನ್ನು ನೀವೆಲ್ಲ ನೋಡಿರುತ್ತೀರಿ. ನರ್ಸರಿಯವರು ಅದಕ್ಕೆ ‘ಇಕ್ಸೋರಾ’ ಅಂತಾರೆ. ಅದೇ ಬಳಗದ ಕಾಡುಗಿಡವೇ ನಮ್ಮ ಕರಾವಳಿಯ ಕೇಪಳ. ತುಳುವಿನಲ್ಲಿ ಕೇಪುಳ. ಲಿನೇಯಸ್ 1753ರಲ್ಲಿ ಇದಕ್ಕೆ ಇಕ್ಸೋರಾ ಕಾಕ್ಸಿನಿಯಾ ಎಂದು ಹೆಸರಿಟ್ಟ. ಕಾಫಿ ಗಿಡ ಕೂಡ ಇದರ ಕುಟುಂಬದ್ದೇ!

ಗುರುತು ಹಿಡಿಯೋದು ಸುಲಭ. ಕೇಪಳದ ಎಲೆಗೆ ತೊಟ್ಟು ಇಲ್ಲವೆಂಬಷ್ಟು ಚಿಕ್ಕದು, ಎಸಳುಗಳ ತುದಿ ಚೂಪು. ತೋಟಗಳಲ್ಲಿ ಹೆಚ್ಚಾಗಿ ಕಾಣುವ ಚೀನಾ ಮೂಲದ ಜಾತಿಯಲ್ಲಿ ಎಸಳಿನ ತುದಿ ದುಂಡಗಿರುತ್ತದೆ.

ಹೂವಿನ ರಚನೆ ಸ್ವಾರಸ್ಯವಾಗಿದೆ. ನಾಲ್ಕು ಎಸಳುಗಳ ಕೆಳಗೆ ಉದ್ದನೆಯ ಸಪೂರ ಕೊಳವೆ, ಅದರ ತಳದಲ್ಲಿ ಮಕರಂದ. ಅಲ್ಲಿಗೆ ಮುಟ್ಟೋಕೆ ಚಿಟ್ಟೆಯಂಥ ಉದ್ದ ಹೀರುನಳಿಕೆಯೇ ಬೇಕು. ಹೂ ಅರಳುವ ಮೊದಲೇ ಪರಾಗ ಶಲಾಕೆಗೆ ಅಂಟಿಕೊಂಡಿರುತ್ತದೆ. ಮಕರಂದಕ್ಕೆ ಬಂದ ಚಿಟ್ಟೆ ಅದನ್ನು ಹೊತ್ತುಕೊಂಡು ಹೋಗುತ್ತದೆ. ಆಮೇಲಷ್ಟೇ ಶಲಾಕಾಗ್ರ ಎರಡಾಗಿ ಬಿಚ್ಚಿ ಬೇರೆ ಹೂವಿನ ಪರಾಗಕ್ಕೆ ಕಾಯುತ್ತದೆ. ಹಣ್ಣನ್ನು ಪಿಕಳಾರ ತಿಂದು ಬೀಜ ಹರಡುತ್ತದೆ. ನಮ್ಮ ಮನೆಗಳಲ್ಲಿ ಹೂವಿನ ತಂಬುಳಿ ಮಾಡ್ತಾರೆ, ದೇವಿಗೆ ಏರಿಸ್ತಾರೆ.

ಇಷ್ಟೆಲ್ಲ ನಡೆಯೋದು ಎಲ್ಲಿ? ಮುರಕಲ್ಲಿನ ಗುಡ್ಡೆಗಳಲ್ಲಿ. ಕುಂಟಾಲ, ನೆಕ್ಕರಿಕ, ಕರಂಡೆ ಇದರ ಅಕ್ಕಪಕ್ಕದವರು. ಮಳೆನೀರು ಲಕ್ಷಾಂತರ ವರ್ಷ ಬಂಡೆಯೊಳಗಿನ ಸಿಲಿಕಾವನ್ನು ತೊಳೆದು ಒಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಂನ ಆಕ್ಸೈಡುಗಳು ಉಳಿದುಕೊಂಡಾಗ ಮುರಕಲ್ಲು ಆಗುತ್ತದೆ. ಮೇಲ್ಮಣ್ಣು ತೆಳು. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ. ಆದರೂ ಬೇಸಿಗೆಯಲ್ಲಿ ಈ ಕಲ್ಲು ಕಾದ ಕಾವಲಿ. ಕೇಪಳ ಎರಡನ್ನೂ ತಡೆದುಕೊಳ್ಳುತ್ತದೆ, ಬಿರುಕುಗಳಿಗೆ ಬೇರಿಳಿಸಿ ಇರುವ ಚೂರು ಮಣ್ಣನ್ನು ಹಿಡಿದಿಡುತ್ತದೆ.

ಇಂಥ ಜಾಗಕ್ಕೆ ನಾವು ‘ಬೋಳುಗುಡ್ಡೆ’, ‘ಪಾಳು ಜಾಗ’ ಅಂತ ಹೆಸರಿಟ್ಟಿದ್ದೇವೆ. ಪಾಳು ಅಂದಮೇಲೆ ಕಲ್ಲು ಕೋರೆಗೋ ಲೇಔಟಿಗೋ ಜೆಸಿಬಿ ತರೋದಕ್ಕೆ ಯಾರೂ ಹಿಂದೆಮುಂದೆ ನೋಡಲ್ಲ. ಸಿವಿಲ್ ಗೆಳೆಯರಿಗೆ ಮುಂದಿನದು ಗೊತ್ತು: ಮುರಕಲ್ಲಿನ ಕೆಳಗಿರೋದು ಶೇಡಿ ಮಣ್ಣು. ಒಣಗಿದ್ದಾಗ ಗಟ್ಟಿ, ನೀರು ಕುಡಿದರೆ ಬಲ ಕಳೆದುಕೊಳ್ಳುತ್ತದೆ. ಮೇಲಿನ ಕಲ್ಲು, ಗಿಡಗಂಟಿ ತೆಗೆದು ನೆಟ್ಟಗೆ ಕಡಿದ ಗುಡ್ಡೆ ಮಳೆಗಾಲದಲ್ಲಿ ಕುಸಿಯೋದು ಇದಕ್ಕೇ. ಅಲ್ಲಿ ಇಂಗಬೇಕಿದ್ದ ನೀರು ಚರಂಡಿ ಸೇರುತ್ತದೆ, ಕೆಳಗಿನ ಬಾವಿಗಳಿಗೆ ಪಾಲು ಕಡಿಮೆಯಾಗುತ್ತದೆ.

ಕೇಪಳ ಅಳಿಯುತ್ತಿರುವ ಗಿಡವೇನೂ ಅಲ್ಲ, ಕುಂಡದಲ್ಲೂ ಬದುಕೀತು. ಆದರೆ ಕುಂಡದಲ್ಲಿ ಗುಡ್ಡೆ ಬೆಳೆಯಲ್ಲ. ಮುಂದೆ ನಮ್ಮಲ್ಲೇ ಯಾರೋ ಒಂದು ಸೈಟ್ ಸರ್ವೆಗೆ ಹೋಗುತ್ತೇವೆ. ಅಲ್ಲಿ ಕೆಂಪು ಹೂ ಕಂಡರೆ ಆ ಜಾಗವನ್ನು ‘ಖಾಲಿ’ ಎಂದು ಬರೆಯುವ ಮುಂಚೆ ಒಮ್ಮೆ ಯೋಚಿಸೋಣ.