ಜಪಾನಿನ ದುಬಾರಿ ಕೈಗಡಿಯಾರ: ಲಕ್ಷ ಕೊಡುವುದು ಯಾವುದಕ್ಕೆ?

ಕೆಲವೇ ನೂರು ರೂಪಾಯಿ ಬೆಲೆಯ ಕ್ವಾರ್ಟ್ಜ್ ಕೈಗಡಿಯಾರ ತಿಂಗಳಿಗೆ ಹದಿನೈದಿಪ್ಪತ್ತು ಸೆಕೆಂಡುಗಳಷ್ಟು ಮಾತ್ರ ಹಿಂದೆಮುಂದೆ ಆಗುತ್ತದೆ. ಲಕ್ಷಗಟ್ಟಲೆ ಬೆಲೆಬಾಳುವ ಸ್ಪ್ರಿಂಗಿನ ಕೈಗಡಿಯಾರ ಅಷ್ಟೇ ತಪ್ಪನ್ನು ಮೂರ್ನಾಲ್ಕು ದಿನಗಳಲ್ಲಿ ಮಾಡಬಲ್ಲುದು. ಇವೆರಡಕ್ಕಿಂತಲೂ ನಿಖರವಾದ ಸಮಯವನ್ನು ಜೇಬಿನಲ್ಲಿರುವ ಮೊಬೈಲ್ ತೋರಿಸುತ್ತದೆ. ಹಾಗಿದ್ದರೆ ಲಕ್ಷ ಕೊಟ್ಟು ಗಡಿಯಾರ ಕೊಳ್ಳುವವರು ನಿಜವಾಗಿ ಕೊಳ್ಳುವುದೇನನ್ನು? ಚಿನ್ನ, ವಜ್ರ, ಹೆಸರಿನ ಪ್ರತಿಷ್ಠೆ ಎಂದು ಉತ್ತರಿಸಿ ಮುಂದೆ ಹೋಗುವುದು ಸುಲಭ. ಜಪಾನಿನ ಗಡಿಯಾರ ತಯಾರಕರಿಗೆ ಮಾತ್ರ ಆ ಸುಲಭದ ಉತ್ತರ ದಕ್ಕಲಿಲ್ಲ. ನಿಖರ ಸಮಯವನ್ನು ಲೋಕಕ್ಕೆಲ್ಲ ಅಗ್ಗವಾಗಿಸಿದವರೇ ಅವರು. ಹಾಗೆ ಮಾಡುತ್ತ ತಮ್ಮದೇ ಶ್ರೇಷ್ಠ ಗಡಿಯಾರದ ಬೆಲೆ ಇಳಿಸಿಕೊಂಡವರೂ ಅವರೇ.

ಇಂದಿನ ಅರ್ಥದ ಗಂಟೆ ಜಪಾನಿಗೆ ಬಂದದ್ದೇ ತಡವಾಗಿ. ಹಗಲನ್ನು ಆರು ಭಾಗ, ಇರುಳನ್ನು ಆರು ಭಾಗ ಮಾಡಿ ಎಣಿಸುವ ಪದ್ಧತಿ ಅಲ್ಲಿತ್ತು. ಬೇಸಿಗೆಯಲ್ಲಿ ಹಗಲಿನ ಭಾಗ ಹಿಗ್ಗುತ್ತಿತ್ತು, ಚಳಿಗಾಲದಲ್ಲಿ ಕುಗ್ಗುತ್ತಿತ್ತು. ಜಾವಗಳ ಲೆಕ್ಕ ಬಲ್ಲ ನಮ್ಮವರಿಗೆ ಇದು ವಿಚಿತ್ರವೆನಿಸದು. 1873ರ ಜನವರಿ 1ರಂದು ಸೌರ ಪಂಚಾಂಗದ ಜೊತೆಯಲ್ಲಿ ಸಮಾನ ಗಂಟೆಗಳೂ ಜಾರಿಗೆ ಬಂದವು. ಎಂಟು ವರ್ಷಗಳ ಬಳಿಕ, 1881ರಲ್ಲಿ, ಕಿಂತಾರೊ ಹತ್ತೋರಿ ಎಂಬ ಇಪ್ಪತ್ತೊಂದರ ತರುಣ ಟೋಕಿಯೊದಲ್ಲಿ ಗಡಿಯಾರ ಮಾರುವ, ರಿಪೇರಿ ಮಾಡುವ ಅಂಗಡಿ ತೆರೆದ. 1892ರಲ್ಲಿ ಅವನದೇ ಕಾರ್ಖಾನೆ ‘ಸೀಕೊಶಾ’ ಗೋಡೆ ಗಡಿಯಾರ ತಯಾರಿಸತೊಡಗಿತು. ಜಪಾನಿನ ಮೊದಲ ಕೈಗಡಿಯಾರ ‘ಲಾರೆಲ್’ 1913ರಲ್ಲಿ ಅಲ್ಲಿಂದಲೇ ಬಂತು.

1923ರ ಸೆಪ್ಟೆಂಬರ್ 1ರ ಮಹಾ ಭೂಕಂಪ, ಅದರ ಬೆನ್ನಿಗೆ ಎದ್ದ ಬೆಂಕಿ ಆ ಕಾರ್ಖಾನೆಯನ್ನು ಸುಟ್ಟಿತು. ಗ್ರಾಹಕರು ರಿಪೇರಿಗೆಂದು ಕೊಟ್ಟಿದ್ದ ಸುಮಾರು 1,500 ಗಡಿಯಾರಗಳೂ ಬೂದಿಯಾದವು. ಅವರೆಲ್ಲರಿಗೂ ಹೊಸ ಗಡಿಯಾರಗಳನ್ನು ಉಚಿತವಾಗಿ ಕೊಡುವುದಾಗಿ ಹತ್ತೋರಿ ಪ್ರಕಟಿಸಿದ. ಮರುವರ್ಷ ‘ಸೀಕೊ’ ಎಂಬ ಹೆಸರು ಮೊದಲ ಬಾರಿಗೆ ಡಯಲಿನ ಮೇಲೆ ಕಾಣಿಸಿತು.

ಎರಡನೆಯ ಮಹಾಯುದ್ಧದ ನಂತರ ಸೀಕೊ ಗುಂಪಿನಲ್ಲಿ ಕೈಗಡಿಯಾರ ತಯಾರಿಸುವ ಎರಡು ಸೋದರ ಕಂಪೆನಿಗಳಿದ್ದವು. ನಾಗಾನೊ ಸೀಮೆಯ ಸರೋವರದ ದಡದಲ್ಲಿ ಸುವಾ ಸೀಕೊಶಾ, ಟೋಕಿಯೊದಲ್ಲಿ ದೈನಿ ಸೀಕೊಶಾ. ಮಾರುಕಟ್ಟೆಯಲ್ಲಿ ಒಂದೇ ಹೆಸರು, ಒಳಗೆ ಮಾತ್ರ ದಾಯಾದಿಗಳ ಪೈಪೋಟಿ. 1960ರ ಡಿಸೆಂಬರ್‌ನಲ್ಲಿ ಸುವಾದವರು ‘ಗ್ರ್ಯಾಂಡ್ ಸೀಕೊ’ ಹೊರತಂದರು. ಇಪ್ಪತ್ತೈದು ಹರಳಿನ ಯಂತ್ರ, ಬೆಲೆ 25,000 ಯೆನ್. ಹೊಸದಾಗಿ ಕೆಲಸಕ್ಕೆ ಸೇರಿದ ಪದವೀಧರನ ಸುಮಾರು ಎರಡು ತಿಂಗಳ ಸಂಬಳ ಅದು. ಮರುವರ್ಷವೇ ದೈನಿಯವರು ‘ಕಿಂಗ್ ಸೀಕೊ’ ತಂದು ಉತ್ತರ ಕೊಟ್ಟರು.

ಓಟ ಮಾತ್ರ ಸರಿಯಿದ್ದರೆ ಸಾಲದು, ನೋಟವೂ ಬೇಕು ಎಂಬುದು ಬೇಗ ಅರಿವಿಗೆ ಬಂತು. ಸ್ವಿಸ್ ಗಡಿಯಾರಗಳು ಅಂಗಡಿಯ ಗಾಜಿನ ಹಿಂದೆ ಹೊಳೆಯುತ್ತಿದ್ದರೆ ತಮ್ಮವು ಮಂಕಾಗಿ ಕಾಣುತ್ತವೆ ಎಂಬ ಕೊರಗು ತಾರೊ ತನಾಕಾ ಎಂಬ ವಿನ್ಯಾಸಕಾರನದಾಗಿತ್ತು. ಆತ ರೂಪಿಸಿದ ನಿಯಮಗಳು 1967ರ ಮಾದರಿಯೊಂದರಲ್ಲಿ ಪೂರ್ಣರೂಪ ಪಡೆದವು. ಕವಚದ ಮೇಲ್ಮೈಗಳು ಆದಷ್ಟು ಸಮತಟ್ಟಾಗಿರಬೇಕು, ಅಂಚುಗಳು ಹರಿತವಾಗಿರಬೇಕು, ಕನ್ನಡಿಯಂಥ ಹೊಳಪಿನಲ್ಲಿ ಪ್ರತಿಬಿಂಬ ಎಲ್ಲಿಯೂ ಡೊಂಕಾಗಬಾರದು. ಈ ಹೊಳಪಿಗೆ ‘ಜರಾತ್ಸು’ ಎನ್ನುತ್ತಾರೆ. ಹೆಸರು ಕೇಳಿದರೆ ಪ್ರಾಚೀನ ಜಪಾನಿ ಕಲೆಯಿರಬೇಕೆನಿಸುತ್ತದೆ. ವಾಸ್ತವದಲ್ಲಿ ಅದು ‘ಸಲ್ಲಾಜ್’ ಎಂಬ ಯುರೋಪಿನ ಪಾಲಿಶ್ ಯಂತ್ರದ ಹೆಸರು ಜಪಾನಿ ನಾಲಿಗೆಯಲ್ಲಿ ತಿರುಗಿದ ರೂಪ! ತಿರುಗುವ ಲೋಹದ ತಟ್ಟೆಗೆ ಕವಚವನ್ನು ಕೈಯಲ್ಲೇ ಹಿಡಿದು ಒತ್ತಬೇಕು. ಕೋನ ಕೂದಲೆಳೆಯಷ್ಟು ತಪ್ಪಿದರೂ ಅಂಚು ಕರಗಿಹೋಗುತ್ತದೆ. ಈ ಕೆಲಸ ಇಂದಿಗೂ ಕೈಯಲ್ಲೇ ನಡೆಯುತ್ತದೆ.

ಇನ್ನೊಂದು ಕಡೆ ಸೀಕೊದವರು ಸ್ವಿಟ್ಜರ್ಲೆಂಡಿನ ವೀಕ್ಷಣಾಲಯಗಳು ನಡೆಸುತ್ತಿದ್ದ ನಿಖರತೆಯ ಸ್ಪರ್ಧೆಗಳಿಗೆ ಇಳಿದಿದ್ದರು. 1964ರಲ್ಲಿ ನ್ಯೂಶಾತೆಲ್‌ನಲ್ಲಿ ದೊರೆತದ್ದು ನೂರರಾಚೆಯ ಸ್ಥಾನ. ಮೂರೇ ವರ್ಷಗಳಲ್ಲಿ, 1967ರಲ್ಲಿ, ಕಂಪೆನಿಗಳ ವಿಭಾಗದ ಎರಡನೆಯ ಮತ್ತು ಮೂರನೆಯ ಸ್ಥಾನ ಆ ಸೋದರ ಕಂಪೆನಿಗಳ ಪಾಲಾಯಿತು. 1968ರ ಜಿನೀವಾ ಸ್ಪರ್ಧೆಯಲ್ಲಿ ನಾಲ್ಕರಿಂದ ಹತ್ತನೆಯವರೆಗಿನ ಸ್ಥಾನಗಳೆಲ್ಲ ಸೀಕೊಗೆ. ಸ್ಪ್ರಿಂಗಿನ ಗಡಿಯಾರಗಳ ಪೈಕಿ ಅವೇ ಅಗ್ರಗಣ್ಯ. ಮೇಲಿನ ಮೂರು ಸ್ಥಾನಗಳಲ್ಲಿದ್ದವು ಸ್ವಿಸ್ಸರ ಪ್ರಾಯೋಗಿಕ ಕ್ವಾರ್ಟ್ಜ್ ಗಡಿಯಾರಗಳು.

ಮುಂದಿನ ವರ್ಷ ನಡೆದದ್ದು ಎಲ್ಲರಿಗೂ ಗೊತ್ತು. 1969ರ ಡಿಸೆಂಬರ್ 25ರಂದು ಸೀಕೊ ‘ಆಸ್ಟ್ರಾನ್’ ಎಂಬ ಜಗತ್ತಿನ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕಿಟ್ಟಿತು. ತಿಂಗಳಿಗೆ ಐದು ಸೆಕೆಂಡಿನ ನಿಖರತೆ. ಬೆಲೆ 4,50,000 ಯೆನ್, ಅಂದಿನ ಟೊಯೊಟಾ ಕೊರೊಲಾ ಕಾರಿನ ಬೆಲೆಗೆ ಸಮ. ಕ್ವಾರ್ಟ್ಜ್‌ನ ತತ್ವ ಸರಳ. ಸಣ್ಣ ಸ್ಫಟಿಕದ ತುಂಡಿಗೆ ವಿದ್ಯುತ್ ತಾಕಿಸಿದರೆ ಅದು ಒಂದೇ ಲಯದಲ್ಲಿ ಕಂಪಿಸುತ್ತದೆ. ಇಂದಿನ ಸಾಮಾನ್ಯ ಗಡಿಯಾರದಲ್ಲಿ ಆ ಕಂಪನ ಸೆಕೆಂಡಿಗೆ 32,768 ಬಾರಿ. ಈ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಒಂದು ಉಳಿಯುತ್ತದೆ, ಅದೇ ಒಂದು ಸೆಕೆಂಡು. ಸೂಕ್ಷ್ಮ ಗಾಲಿಗಳ ಕುಸುರಿ ಬೇಡ, ನುರಿತ ಕೈ ಬೇಡ. ಬೆಲೆ ಕಾರಿನಿಂದ ಕಾಫಿ ತಿಂಡಿಯ ಮಟ್ಟಕ್ಕಿಳಿಯಲು ಬಹಳ ವರ್ಷ ಹಿಡಿಯಲಿಲ್ಲ.

ಸ್ವಿಟ್ಜರ್ಲೆಂಡಿನಲ್ಲಿ 1970ರ ಹೊತ್ತಿಗೆ ಸುಮಾರು 90,000 ಮಂದಿ ಗಡಿಯಾರದ ಉದ್ಯಮದಲ್ಲಿದ್ದರು. 80ರ ದಶಕದಲ್ಲಿ ಆ ಸಂಖ್ಯೆ ಮೂವತ್ತು ಸಾವಿರದ ಆಸುಪಾಸಿಗೆ ಕುಸಿಯಿತು. ಈ ಕತೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತಾರೆ. ಜಪಾನಿನಲ್ಲಿ ಆದದ್ದನ್ನೂ ಹೇಳಬೇಕು. ಸ್ಪ್ರಿಂಗಿನ ಗ್ರ್ಯಾಂಡ್ ಸೀಕೊ 1970ರ ದಶಕದ ಮಧ್ಯದಲ್ಲಿ ನಿಂತುಹೋಯಿತು. ವೀಕ್ಷಣಾಲಯಗಳಲ್ಲಿ ಗೆದ್ದು ಬಂದ ಕೈಗಳಿಗೆ ಅವರದೇ ಕಂಪೆನಿಯಲ್ಲಿ ಕೆಲಸ ಉಳಿಯಲಿಲ್ಲ.

ಮರಳಿ ಬಂದದ್ದು 1988ರಲ್ಲಿ, ಅದೂ ಕ್ವಾರ್ಟ್ಜ್ ರೂಪದಲ್ಲಿ. ನಮ್ಮ ಪ್ರಶ್ನೆಗೆ ಜಪಾನಿಗರ ಮೊದಲ ಉತ್ತರ ಇಲ್ಲಿದೆ. ಅಗ್ಗದ ಕ್ವಾರ್ಟ್ಜ್‌ಗೆ ಮೂರು ದೋಷಗಳಿವೆ. ಶಾಖ ಏರಿಳಿದಂತೆ ಸ್ಫಟಿಕದ ಲಯ ಕೆಡುತ್ತದೆ; ಮೋಟಾರಿಗೆ ಬಲ ಸಾಲದೆ ಮುಳ್ಳುಗಳು ಕಡ್ಡಿಯಂತೆ ತೆಳ್ಳಗಿರಬೇಕಾಗುತ್ತದೆ; ಸೆಕೆಂಡಿನ ಮುಳ್ಳು ಪ್ರತಿ ಹೆಜ್ಜೆಗೂ ತುಸು ನಡುಗುತ್ತದೆ. 1993ರಲ್ಲಿ ಬಂದ ‘9ಎಫ್’ ಯಂತ್ರ ಈ ಮೂರನ್ನೂ ಸರಿಪಡಿಸಿತು. ಸ್ಫಟಿಕಗಳನ್ನು ಮೂರು ತಿಂಗಳು ಹದಗೊಳಿಸಿ ಆಯ್ದುಕೊಳ್ಳುತ್ತಾರೆ. ಯಂತ್ರ ದಿನಕ್ಕೆ 540 ಬಾರಿ ಶಾಖವನ್ನು ಅಳೆದು ತನ್ನ ಲಯವನ್ನು ತಿದ್ದಿಕೊಳ್ಳುತ್ತದೆ. ಭಾರದ ಮುಳ್ಳನ್ನು ಪ್ರತಿ ಸೆಕೆಂಡಿಗೂ ಎರಡು ಪುಟ್ಟ ನೂಕುಗಳಲ್ಲಿ ಸರಿಸುತ್ತದೆ. ತಪ್ಪು ವರ್ಷಕ್ಕೆ ಹತ್ತು ಸೆಕೆಂಡು. ಬ್ಯಾಟರಿ ಗಡಿಯಾರಕ್ಕೆ ಇಷ್ಟೊಂದು ಶ್ರಮವೇ ಎಂದು ನಕ್ಕವರಿರಬಹುದು. ಈ ಲೇಖಕನ ಅಭಿಪ್ರಾಯದಲ್ಲಿ ಜಪಾನಿ ಗಡಿಯಾರಗಳ ಪೈಕಿ ಅತಿ ಪ್ರಾಮಾಣಿಕವಾದದ್ದು ಇದೇ. 1998ರಲ್ಲಿ ಹೊಸ ಸ್ಪ್ರಿಂಗಿನ ಯಂತ್ರವೂ ಮರಳಿ ಬಂತು. ಅದಕ್ಕೆ ಆರು ಭಂಗಿಗಳಲ್ಲಿ ಹದಿನೇಳು ದಿನಗಳ ಪರೀಕ್ಷೆ. ಸ್ವಿಸ್ ಕ್ರೊನೊಮೀಟರ್ ಪ್ರಮಾಣಪತ್ರಕ್ಕೆ ಐದು ಭಂಗಿ, ಹದಿನೈದು ದಿನ.

ಎರಡನೆಯ ಉತ್ತರ ಇನ್ನೂ ಕುತೂಹಲದ್ದು. ಸ್ಪ್ರಿಂಗಿನ ಬಲದಿಂದಲೇ ನಡೆದು, ಕ್ವಾರ್ಟ್ಜ್‌ನಷ್ಟು ನಿಖರವಾಗಿರುವ ಗಡಿಯಾರ ಸಾಧ್ಯವೇ? ಸುವಾದ ಎಂಜಿನಿಯರ್ ಯೋಶಿಕಾಜು ಅಕಾಹಾನೆ ಇದನ್ನು ಕೇಳಿಕೊಂಡದ್ದು 1977ರಲ್ಲಿ, ಕ್ವಾರ್ಟ್ಜ್ ಗೆದ್ದು ಮೆರೆಯುತ್ತಿದ್ದ ಕಾಲದಲ್ಲಿ. (ಅದೇ ಸುವಾ ಸೀಕೊಶಾ ಮುಂದೆ ಸೀಕೊ ಎಪ್ಸನ್ ಆಯಿತು. ನಮ್ಮ ಕಚೇರಿಗಳ ಪ್ರಿಂಟರುಗಳ ಮೇಲಿನ ಎಪ್ಸನ್ ಇದೇ.)

ಮಾಮೂಲಿ ಸ್ಪ್ರಿಂಗಿನ ಗಡಿಯಾರದಲ್ಲಿ ಸುತ್ತಿದ ಸುರುಳಿ ಬಿಚ್ಚಿಕೊಳ್ಳುವ ವೇಗವನ್ನು ಅತ್ತಿತ್ತ ಓಲಾಡುವ ಒಂದು ಚಕ್ರ ತಡೆತಡೆದು ಬಿಡುತ್ತದೆ. ಟಿಕ್ ಟಿಕ್ ಸದ್ದು ಆ ತಡೆಯದು. ಅಕಾಹಾನೆ ಆ ಚಕ್ರವನ್ನೇ ತೆಗೆದುಹಾಕಿದ. ಗಾಲಿಗಳ ಸಾಲಿನ ಕೊನೆಯಲ್ಲಿ ಸೆಕೆಂಡಿಗೆ ಎಂಟು ಸುತ್ತು ತಿರುಗುವ ಪುಟ್ಟ ರೋಟರ್ ಇರುತ್ತದೆ. ಅದು ತಿರುಗುವಾಗ ಅತ್ಯಲ್ಪ ವಿದ್ಯುತ್ ಹುಟ್ಟುತ್ತದೆ. ಆ ವಿದ್ಯುತ್ತಿನಿಂದಲೇ ಸ್ಫಟಿಕವೂ ಒಂದು ಐಸಿಯೂ ಜೀವ ತಳೆಯುತ್ತವೆ. ಐಸಿ ರೋಟರಿನ ವೇಗವನ್ನು ಸ್ಫಟಿಕದ ಲಯದೊಂದಿಗೆ ಹೋಲಿಸಿ, ಹೆಚ್ಚಾದಾಗ ಕಾಂತೀಯ ಬ್ರೇಕ್ ಹಾಕುತ್ತದೆ. ಇಳಿಜಾರಿನಲ್ಲಿ ಸೈಕಲ್ ಬಿಟ್ಟು ಬ್ರೇಕನ್ನು ಹದವಾಗಿ ಒತ್ತುತ್ತ ಒಂದೇ ವೇಗದಲ್ಲಿ ಇಳಿಯುವಂತೆ. ಬ್ಯಾಟರಿಯಿಲ್ಲ, ಟಿಕ್ ಸದ್ದಿಲ್ಲ. ಸೆಕೆಂಡಿನ ಮುಳ್ಳು ಹೆಜ್ಜೆ ಹಾಕದೆ ನೀರಿನ ಮೇಲೆ ಎಲೆ ಸಾಗಿದಂತೆ ಸಾಗುತ್ತದೆ.

ಹೇಳಲು ಸುಲಭ. ರೋಟರ್ ಹುಟ್ಟಿಸುವ ವಿದ್ಯುತ್ತು ಐಸಿಗೆ ಸಾಲುತ್ತಿರಲಿಲ್ಲ. ಕೆಲಸ ನಿಂತು ಮತ್ತೆ ಆರಂಭವಾಗುತ್ತ ಆರುನೂರಕ್ಕೂ ಹೆಚ್ಚು ಪ್ರಾಯೋಗಿಕ ಮಾದರಿಗಳು ತಯಾರಾದವು. ಈ ‘ಸ್ಪ್ರಿಂಗ್ ಡ್ರೈವ್’ 1999ರಲ್ಲಿ ಮಾರುಕಟ್ಟೆಗೆ ಬಂತು. ಅಕಾಹಾನೆ ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದ. ಗ್ರ್ಯಾಂಡ್ ಸೀಕೊ ಹೆಸರಿನಲ್ಲಿ ಅದು 2004ರಲ್ಲಿ ಬಂತು, ದಿನಕ್ಕೆ ಒಂದು ಸೆಕೆಂಡಿನ ನಿಖರತೆಯೊಂದಿಗೆ. 2025ರಲ್ಲಿ ಹೊರಬಂದ ಯಂತ್ರದ ತಪ್ಪು ವರ್ಷಕ್ಕೆ ಇಪ್ಪತ್ತು ಸೆಕೆಂಡು ಮಾತ್ರ.

ಶಿಯೋಜಿರಿ ಪಟ್ಟಣದ ಸಣ್ಣ ಕಾರ್ಯಾಗಾರವೊಂದರಲ್ಲಿ ಇದೇ ಯಂತ್ರ ಕುಸುರಿ ಕಲೆಯಾಗಿಯೂ ಬೆಳೆಯಿತು. ಸ್ವಿಟ್ಜರ್ಲೆಂಡಿನ ಹೆಸರಾಂತ ಗಡಿಯಾರ ಕುಶಲಿ ಫಿಲಿಪ್ ಡ್ಯೂಫೂರ್ ಅಲ್ಲಿನವರಿಗೆ ಸಲಹೆ ನೀಡಿದ. ಒಂದು ಬಗೆಯ ಕಾಡುಗಿಡದ ಒಣಗಿದ ಕಾಂಡದಿಂದ ಲೋಹದ ಅಂಚು ಉಜ್ಜುವ ವಿದ್ಯೆಯೂ ಅದರಲ್ಲಿ ಸೇರಿತ್ತು. ಸೀಕೊದಿಂದ ಪೆಟ್ಟು ತಿಂದ ನಾಡಿನವನು ಸೀಕೊದವರಿಗೆ ಪಾಠ ಹೇಳಿಕೊಟ್ಟದ್ದು ಸಣ್ಣ ಮಾತಲ್ಲ. ಅಲ್ಲಿಂದ ಬಂದ ‘ಕ್ರೆಡೋರ್ ಐಚಿ’ಯ ಡಯಲ್ ಬಿಳಿಯ ಪಿಂಗಾಣಿಯದು, ಆಡಂಬರದ ಲವಲೇಶವೂ ಇಲ್ಲ.

ಡಯಲುಗಳದೇ ಒಂದು ಲೋಕ. ಹೊಸ ಹಿಮದ ಮೈಯಂತೆ ಒರಟಾದ ಬಿಳಿ ಡಯಲ್ 2010ರಲ್ಲಿ ಹೆಸರಾಯಿತು. ಬರ್ಚ್ ಮರದ ತೊಗಟೆಯನ್ನು ಹೋಲುವ ಡಯಲಿನ ಗಡಿಯಾರಕ್ಕೆ 2021ರಲ್ಲಿ ಜಿನೀವಾದ ಪ್ರಶಸ್ತಿಯೂ ಬಂತು. ನೋಡಲು ನಿಜಕ್ಕೂ ಚೆಂದ. ಆದರೆ ಪ್ರತಿ ಡಯಲಿಗೂ ಒಂದು ಋತು, ಒಂದು ಬೆಟ್ಟ, ಒಂದು ತಂಗಾಳಿ ಹುಡುಕುವ ಜಾಹೀರಾತಿನ ಭಾಷೆ ಅತಿಯಾಯಿತೆನ್ನದೆ ವಿಧಿಯಿಲ್ಲ.

ಸಿಟಿಜನ್ ಕಂಪೆನಿ ಬೇರೆ ದಾರಿ ಹಿಡಿಯಿತು. 2019ರಲ್ಲಿ ಅದು ತಂದ ಕೈಗಡಿಯಾರದ ಸ್ಫಟಿಕ ಸೆಕೆಂಡಿಗೆ ಸುಮಾರು 84 ಲಕ್ಷ ಬಾರಿ ಕಂಪಿಸುತ್ತದೆ, ಶಕ್ತಿ ಬೆಳಕಿನಿಂದ. ತಪ್ಪು ವರ್ಷಕ್ಕೆ ಒಂದೇ ಒಂದು ಸೆಕೆಂಡು.

ಸಿಟಿಜನ್ ಎಂದೊಡನೆ ಕನ್ನಡಿಗರಿಗೆ ನೆನಪಾಗಬೇಕಾದದ್ದು ಬೆಂಗಳೂರು. ಗ್ರ್ಯಾಂಡ್ ಸೀಕೊ ಹುಟ್ಟಿದ ಮರುವರ್ಷ, 1961ರಲ್ಲಿ, ಎಚ್‌ಎಂಟಿ ಗಡಿಯಾರದ ಕಾರ್ಖಾನೆ ಆರಂಭವಾದದ್ದು ಇದೇ ಸಿಟಿಜನ್ ಸಹಯೋಗದಲ್ಲಿ. ಕ್ವಾರ್ಟ್ಜ್ ಅಲೆ ಬಂದಾಗ ಎಚ್‌ಎಂಟಿಯೂ ಕ್ವಾರ್ಟ್ಜ್ ತಯಾರಿಸಿತಾದರೂ ಅದರ ಭಾರವೆಲ್ಲ ಸ್ಪ್ರಿಂಗಿನ ಗಡಿಯಾರದ ಮೇಲೆಯೇ ಉಳಿಯಿತು. ಕ್ವಾರ್ಟ್ಜನ್ನೇ ನೆಚ್ಚಿ ಹೊರಟ ಟೈಟನ್ ಮಾರುಕಟ್ಟೆ ಗೆದ್ದಿತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪೆನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಸ್ಪ್ರಿಂಗಿನ ಗಡಿಯಾರ ದುಬಾರಿ ವಸ್ತುವಾಗಿ ಮರುಜನ್ಮ ಪಡೆಯಬಲ್ಲುದೆಂದು ಜಪಾನಿಗರು ಕಂಡುಕೊಂಡದ್ದು ಅದಕ್ಕೂ ಹದಿನೆಂಟು ವರ್ಷ ಮೊದಲು.

ಜಪಾನಿಗರ ದಾರಿಯೂ ಹೂವಿನ ಹಾದಿಯಲ್ಲ. ಕೆಲವು ಸಾವಿರಕ್ಕೆ ಸಿಗುವ ಗಡಿಯಾರದ ಮೇಲೂ, ಕೆಲವು ಲಕ್ಷದ ಗಡಿಯಾರದ ಮೇಲೂ ಒಂದೇ ‘ಸೀಕೊ’ ಇದ್ದರೆ ಕೊಳ್ಳುವವನು ಹಿಂಜರಿಯುತ್ತಾನೆ. 2017ರಲ್ಲಿ ಗ್ರ್ಯಾಂಡ್ ಸೀಕೊವನ್ನು ಪ್ರತ್ಯೇಕ ಬ್ರಾಂಡ್ ಮಾಡಿ, ಡಯಲಿನಿಂದ ‘ಸೀಕೊ’ ಎಂಬ ಒಂಟಿ ಹೆಸರನ್ನು ತೆಗೆದರು. ಹಾಗಿದ್ದೂ ಮರುಮಾರಾಟದಲ್ಲಿ ಸ್ವಿಸ್ ದೊಡ್ಡ ಹೆಸರುಗಳ ಬೆಲೆ ಅದಕ್ಕೆ ಸುಲಭವಾಗಿ ದಕ್ಕದು. ಹೂಡಿಕೆಯೆಂದು ಕೊಳ್ಳುವವರು ಇದನ್ನು ಗಮನದಲ್ಲಿಡಬೇಕು.

ರಿಪೇರಿಯ ವಿಷಯವೂ ಇದೆ. ಅಜ್ಜ ಕಟ್ಟುತ್ತಿದ್ದ ಎಚ್‌ಎಂಟಿ ಜನತಾ ನಿಂತರೆ ಪೇಟೆಯ ಬೀದಿಯಲ್ಲಿ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕುಳಿತ ಗಡಿಯಾರದವರು ಇಂದಿಗೂ ಬಿಚ್ಚಿ, ಎಣ್ಣೆ ಕೊಟ್ಟು ನಡೆಸಬಲ್ಲರು. ಸ್ಪ್ರಿಂಗ್ ಡ್ರೈವ್‌ನ ಒಳಗಿನ ಐಸಿ ಅವರ ಚಿಮಟಕ್ಕೆ ಬಗ್ಗುವಂಥದಲ್ಲ. ಕೆಟ್ಟರೆ ತಯಾರಕರ ಬಳಿಗೇ ಹೋಗಬೇಕು, ಐವತ್ತು ವರ್ಷಗಳ ಬಳಿಕವೂ ಆ ಐಸಿಯನ್ನು ಮಾಡಿಕೊಡಲು ಅವರು ಇರಬೇಕು.